ಟಿಕೆಟ್ ಅಗ್ಗ, ರಾತ್ರಿ ದುಬಾರಿ

ಗೋಳಗುಮ್ಮಟ ನೋಡಲು ಟಿಕೆಟ್ ಎಷ್ಟು? 25 ರೂಪಾಯಿ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಅದೂ ಇಲ್ಲ. ಇಬ್ರಾಹಿಂ ರೋಜಾಕ್ಕೂ ಅಷ್ಟೇ. ಬಾರಾ ಕಮಾನ್ ನೋಡಲು ದುಡ್ಡೇ ಬೇಡ. ಒಂದು ಪ್ಲೇಟ್ ಗಿರಮಿಟ್, ಎರಡು ಚಹಾದ ರೊಕ್ಕದಲ್ಲಿ ಆದಿಲಶಾಹಿ ಕಾಲವನ್ನು ಸುತ್ತಿ ಬರಬಹುದು.

ಹಾಗಾದರೆ ನಮ್ಮ ವಿಜಯಪುರದ ಪರಂಪರೆ ಎಲ್ಲರಿಗೂ ಎಟುಕುತ್ತದೆ ಎನ್ನೋಣವೇ? ನನಗೆ ಹಾಗೆ ಅನಿಸುವುದಿಲ್ಲ. ಸ್ಮಾರಕದ ಟಿಕೆಟ್ ಅಗ್ಗ, ನಿಜ. ಆದರೆ ಆ ಊರಿನಲ್ಲಿ ಕಳೆಯಬೇಕಾದ ಒಂದು ರಾತ್ರಿ ದುಬಾರಿ.

ಡಿಸೆಂಬರ್ ಬಂತೆಂದರೆ ನಮ್ಮೂರಿನ ರಸ್ತೆಗಳಲ್ಲಿ ಶಾಲಾ ಪ್ರವಾಸದ ಬಸ್ಸುಗಳದ್ದೇ ಸಾಲು. ರಾತ್ರಿಯಿಡೀ ಬಸ್ಸಿನಲ್ಲೇ ತೂಕಡಿಸಿದ ಮಕ್ಕಳು ಗುಮ್ಮಟ ಹತ್ತಿ, ಸಿಳ್ಳೆ ಹೊಡೆದು, ಇಳಿದು, ತಾಸೊಂದರಲ್ಲಿ ಆಲಮಟ್ಟಿಯ ಕಡೆ ಹೊರಟುಬಿಡುತ್ತಾರೆ. ಅವರ ತಪ್ಪೇನೂ ಇಲ್ಲ. ಅರವತ್ತು ಮಕ್ಕಳಿಗೆ ಲಾಡ್ಜ್ ಮಾಡಲು ಯಾವ ಸರ್ಕಾರಿ ಶಾಲೆಯ ಮಾಸ್ತರರಿಗೆ ಸಾಧ್ಯ? ಆದರೆ ಗುಮ್ಮಟದ ಗ್ಯಾಲರಿಯಲ್ಲಿ ಈ ಬದಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ದು ಆ ಬದಿ ಸ್ಪಷ್ಟವಾಗಿ ಕೇಳಬೇಕಾದರೆ ಬೆಳಿಗ್ಗೆ ಆರಕ್ಕೆ, ಬಾಗಿಲು ತೆರೆದ ಕೂಡಲೇ ಅಲ್ಲಿರಬೇಕು. ಹಾಗೆ ಇರಬೇಕೆಂದರೆ ಹಿಂದಿನ ರಾತ್ರಿ ಊರಿನಲ್ಲೇ ಮಲಗಿರಬೇಕು. ಒಟ್ಟಿನಲ್ಲಿ ಗುಮ್ಮಟದ ಅತ್ಯುತ್ತಮ ಹೊತ್ತು ರೂಮಿಗೆ ದುಡ್ಡು ಕೊಡಬಲ್ಲವರ ಪಾಲು.

ನಾನು ಬಿಇ ಓದುವವನು. ಸುಮಾರು 44 ಮೀಟರ್ ವ್ಯಾಸದ ಗುಮ್ಮಟ ನಡುವೆ ಒಂದೂ ಕಂಬವಿಲ್ಲದೆ ಹೇಗೆ ನಿಂತಿದೆ ಎಂಬುದು ನಮ್ಮಂಥವರಿಗೆ ಪಾಠವೇ. ಒಂದನ್ನೊಂದು ಕತ್ತರಿಸಿ ಹೋಗುವ ಎಂಟು ಕಮಾನುಗಳು ಚೌಕಾಕಾರದ ಕೋಣೆಯನ್ನು ಮೇಲೇರುತ್ತಾ ವೃತ್ತಕ್ಕೆ ತಂದು ಸೇರಿಸುತ್ತವೆ. ಇದನ್ನು ಸೆಲ್ಫಿ ತೆಗೆಯುವಷ್ಟು ಹೊತ್ತಿನಲ್ಲಿ ಅರ್ಥಮಾಡಿಕೊಳ್ಳಲಾಗದು. ಹಾಳೆ ಹಿಡಿದು ಕುಳಿತು, ಗೆರೆ ಎಳೆದು ನೋಡಬೇಕು. ಅದಕ್ಕೂ ಬೇಕಾದದ್ದು ಸಮಯವೇ.

ಬಸ್ ಉಚಿತ, ಆದರೂ ಪ್ರವಾಸ ರದ್ದು

ಕಳೆದ ವರ್ಷ ನಮ್ಮ ತರಗತಿಯ ಹುಡುಗಿಯರು ಬಾದಾಮಿ, ಪಟ್ಟದಕಲ್ಲು, ಐಹೊಳೆಗೆ ಎರಡು ದಿನ ಹೋಗಿಬರುವ ಯೋಜನೆ ಹಾಕಿದ್ದರು. 2023ರಿಂದ ಶಕ್ತಿ ಯೋಜನೆ ಇದೆ, ಬಸ್ ಖರ್ಚಿಲ್ಲ. ಊಟಕ್ಕೆ ರೊಟ್ಟಿ, ಶೇಂಗಾ ಚಟ್ನಿ ಮನೆಯಿಂದಲೇ. ಎಲ್ಲ ಸರಿಹೋಗಿತ್ತು. ಆದರೆ ರಾತ್ರಿ ಎಲ್ಲಿ ಉಳಿಯುವುದು ಎಂಬ ಪ್ರಶ್ನೆ ಬಂದದ್ದೇ ಒಬ್ಬೊಬ್ಬರ ಮನೆಯಲ್ಲೂ ಒಂದೇ ಮಾತು: ‘ಲಾಡ್ಜಿನ್ಯಾಗ ಇರೂದು ಬ್ಯಾಡವಾ, ಮಂದಿ ಏನಂದಾರು?’ ಪ್ರವಾಸ ಅಲ್ಲಿಗೇ ನಿಂತಿತು.

ಹುಡುಗರ ಪಾಡು ಬೇರೆ. ಪರೀಕ್ಷೆಗೋ ಹಬ್ಬಕ್ಕೋ ಹಳ್ಳಿಯಿಂದ ಬಂದು ಕೊನೆಯ ಬಸ್ ತಪ್ಪಿದರೆ ಲಾಡ್ಜಿನ ಕೌಂಟರಿನಲ್ಲಿ ಕೇಳುವ ಉತ್ತರ, ‘ಲೋಕಲ್ ಆಧಾರ್ ನಡೆಂಗಿಲ್ರಿ.’ ಇದೇ ಜಿಲ್ಲೆಯವ ಎಂಬುದೇ ಅಡ್ಡಿ!

ಯೂತ್ ಹಾಸ್ಟೆಲ್ ಎಂಬ ಕಲ್ಪನೆ ಹುಟ್ಟಿದ್ದು ಇಂಥದ್ದೇ ತೊಂದರೆಯಿಂದ. ಹಾಸ್ಟೆಲ್ ಎಂದ ಕೂಡಲೇ ನಮಗೆ ನೆನಪಾಗುವುದು ಬಿಸಿಎಂ ಹಾಸ್ಟೆಲ್, ಕಾಲೇಜ್ ಹಾಸ್ಟೆಲ್. ಇದು ಬೇರೆ. 1909ರ ಆಗಸ್ಟ್‌ನಲ್ಲಿ ಜರ್ಮನಿಯ ರಿಚರ್ಡ್ ಶಿರ್ಮನ್ ಎಂಬ ಶಾಲಾ ಮಾಸ್ತರರು ಮಕ್ಕಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ದಿದ್ದಾಗ ಗುಡುಗು ಮಳೆಗೆ ಸಿಕ್ಕಿಬಿದ್ದರು. ಕೊನೆಗೆ ಆಸರೆ ಸಿಕ್ಕದ್ದು ಒಂದು ಹಳ್ಳಿ ಶಾಲೆಯ ಕೋಣೆಯಲ್ಲಿ, ಹುಲ್ಲಿನ ಹಾಸಿಗೆ. ರಜೆಯಲ್ಲಿ ಖಾಲಿ ಬೀಳುವ ಶಾಲೆಗಳನ್ನೇ ಮಕ್ಕಳ ತಂಗುದಾಣ ಮಾಡಿದರೆ ಹೇಗೆ ಎಂಬ ಯೋಚನೆ ಅವರಿಗೆ ಹೊಳೆದದ್ದು ಆ ರಾತ್ರಿ. 1912ರಲ್ಲಿ ಅಲ್ಟೆನಾ ಎಂಬ ಊರಿನ ಹಳೆಯ ಕೋಟೆಯಲ್ಲಿ ಜಗತ್ತಿನ ಮೊದಲ ಕಾಯಂ ಯೂತ್ ಹಾಸ್ಟೆಲ್ ಶುರುವಾಯಿತು. ಪಾರಂಪರಿಕ ಕಟ್ಟಡದಲ್ಲೇ ಬಡ ಮಕ್ಕಳಿಗೆ ಹಾಸಿಗೆ!

ಅಲ್ಲಿ ಕೊಡುವುದು ಇಡೀ ರೂಮನ್ನಲ್ಲ, ಒಂದು ಮಂಚವನ್ನು. ಹುಡುಗ, ಹುಡುಗಿಯರಿಗೆ ಬೇರೆ ಬೇರೆ ಡಾರ್ಮಿಟರಿ, ಜವಾಬ್ದಾರಿಗೆ ಒಬ್ಬ ವಾರ್ಡನ್. ಜಾತಿ, ಧರ್ಮ, ದೇಶ ಯಾವುದನ್ನೂ ನೋಡದೆ ಎಲ್ಲರಿಗೂ ಜಾಗ ಕೊಡಬೇಕು ಎಂಬುದು ಈ ಚಳವಳಿಯ ಮೂಲ ನಿಯಮ. ನಮ್ಮಲ್ಲೂ ಕೇಂದ್ರ ಸರ್ಕಾರದ ಯೋಜನೆಯಡಿ ಮೈಸೂರು, ಹಾಸನದಂಥ ಊರುಗಳಲ್ಲಿ ಯೂತ್ ಹಾಸ್ಟೆಲ್ ಕಟ್ಟಲಾಗಿದೆ. ರಾಜ್ಯ ಜಾಗ ಕೊಡಬೇಕು, ಕೇಂದ್ರ ಕಟ್ಟಡ ಕಟ್ಟಿಸಬೇಕು ಎಂಬುದು ಆ ಯೋಜನೆಯ ಲೆಕ್ಕ.

ನಮ್ಮೂರಿಗೆ ಇದು ಹೊಸದಲ್ಲ

1620ರಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ ಕಟ್ಟಿದ ತಾಜ್ ಬಾವಡಿಯನ್ನು ನೀವು ನೋಡಿರಬಹುದು. ಅದರ ನೀರಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಪೂರ್ವ, ಪಶ್ಚಿಮದ ಬದಿಗಳಲ್ಲಿರುವ ಕೋಣೆಗಳನ್ನು ಗಮನಿಸುವವರು ಕಡಿಮೆ. ಅವು ದಾರಿಹೋಕರು ತಂಗಲೆಂದು ಕಟ್ಟಿದವು. ನೀರು ಕುಡಿದವನು ಅಲ್ಲೇ ಮಲಗಲಿ ಎಂಬ ವ್ಯವಸ್ಥೆ ಅದು.

ಇನ್ನೂ ದೊಡ್ಡ ಉದಾಹರಣೆ ಕೋಟೆಯ ಪಶ್ಚಿಮಕ್ಕಿದೆ. ಮಹಮ್ಮದ್ ಆದಿಲ್ ಶಾಹನ ಆಳ್ವಿಕೆಯಲ್ಲಿ, 1640ರ ಹೊತ್ತಿಗೆ ಮುಸ್ತಫಾ ಖಾನ್ ಅಲ್ಲಿ ದೊಡ್ಡದೊಂದು ಸರಾಯ್ ಕಟ್ಟಿಸಿದ. ಸರಾಯ್ ಎಂದರೆ ವ್ಯಾಪಾರಿಗಳು, ಪ್ರಯಾಣಿಕರು ಇಳಿದುಕೊಳ್ಳುವ ಛತ್ರ. ಅದು ಈಗ ಎಲ್ಲಿದೆ? ನಾವು ದರ್ಗಾ ಜೈಲು ಎನ್ನುತ್ತೇವಲ್ಲ, ಅದೇ! ಕೆನಡಾದ ಒಟ್ಟಾವಾದಲ್ಲಿ 1972ರಲ್ಲಿ ಮುಚ್ಚಿದ ಜೈಲನ್ನು ಮರುವರ್ಷವೇ ಯೂತ್ ಹಾಸ್ಟೆಲ್ ಮಾಡಿದರು. ನಮ್ಮಲ್ಲಿ ಇದಕ್ಕೆ ಉಲ್ಟಾ ಆಗಿ, ಛತ್ರವೇ ಜೈಲಾಯಿತು. ಆ ಜೈಲನ್ನು ಖಾಲಿ ಮಾಡಿ ಎಂದು ನಾನೇನೂ ಹೇಳುತ್ತಿಲ್ಲ. ಪರಊರಿನವನಿಗೆ ಹಾಸಿಗೆ ಕೊಡುವುದು ಈ ಊರಿನ ಹಳೆಯ ರೂಢಿ ಎಂಬುದಷ್ಟೇ ನನ್ನ ಮಾತು. ಮಠ, ಗುಡಿ, ದರ್ಗಾಗಳಲ್ಲಿ ಉಂಡು ಮಲಗಿ ಹೋದವರ ಲೆಕ್ಕ ಇಟ್ಟವರುಂಟೇ?

ಎರಡನೇ ದಿನ ಸಿಕ್ಕರೆ

ಒಂದು ರಾತ್ರಿ ಉಳಿಯಲು ಜಾಗ ಸಿಕ್ಕರೆ ಪ್ರವಾಸಿಗನಿಗೆ ಎರಡನೇ ದಿನ ಸಿಗುತ್ತದೆ. ಆಗ ಅವನು ನಗರ ಬಿಟ್ಟು ಆಚೆ ಕಾಲಿಡುತ್ತಾನೆ. ತಿಕೋಟಾ ರಸ್ತೆ ಹಿಡಿದರೆ ಮೊದಲು ತೊರವಿ: ನರಸಿಂಹ ದೇವರ ಗುಡಿ, ಕುಮಾರ ವಾಲ್ಮೀಕಿಯ ‘ತೊರವೆ ರಾಮಾಯಣ’ಕ್ಕೆ ಹೆಸರು ಕೊಟ್ಟ ಊರು. ಪಕ್ಕದಲ್ಲೇ ಸಂಗೀತಪ್ರಿಯ ಇಬ್ರಾಹಿಂ ಕಟ್ಟಲು ಹೊರಟ ನವರಸಪುರ, ಪಾಳುಬಿದ್ದ ಸಂಗೀತ ಮಹಲ್. ಹಿಂದೂ ದೇವರ ಕಥೆ ಹಾಡಿದ ಕವಿಯ ಊರೂ, ಸರಸ್ವತಿಯನ್ನು ಸ್ತುತಿಸಿದ ಸುಲ್ತಾನನ ಊರೂ ಕೂಗಳತೆಯಲ್ಲಿ. ಮುಂದೆ ತಿಕೋಟಾದ ದ್ರಾಕ್ಷಿ ತೋಟಗಳು, ಒಣದ್ರಾಕ್ಷಿಯ ಶೆಡ್ಡುಗಳು, ಸಿದ್ಧೇಶ್ವರ ಸ್ವಾಮೀಜಿ ಹುಟ್ಟಿದ ಬಿಜ್ಜರಗಿ.

ಬಬಲೇಶ್ವರದ ಕಡೆ ಹೋದರೆ ಗುರುಪಾದೇಶ್ವರ ಮಠ, ಮಹಿಪತಿದಾಸರ ಕಾಖಂಡಕಿ, ಮಹಮ್ಮದ್ ಆದಿಲ್ ಶಾಹನ ಹೆಸರನ್ನೇ ಹೊತ್ತ ಮಮದಾಪುರದ ಕೆರೆಗಳು. ಬರದ ಜಿಲ್ಲೆ ಎನಿಸಿಕೊಂಡ ನಾಡಿನಲ್ಲಿ ಸುಮಾರು ನಾಲ್ಕು ನೂರು ವರ್ಷಗಳ ಹಿಂದೆ ಕಟ್ಟಿದ ಆ ಕೆರೆಯ ಏರಿಯ ಮೇಲೆ ನಿಂತರೆ ಯಾವ ಪಠ್ಯಪುಸ್ತಕವೂ ಬೇಡ. ಇವು ಯಾವುವೂ ಒಂದು ತಾಸಿನ ಪ್ರವಾಸದಲ್ಲಿ ಇಲ್ಲ.

ಇದರ ಲಾಭ ಹೊರಗಿನವರಿಗೆ ಮಾತ್ರವಲ್ಲ. ಈಚೆಗೆ ತಾಲ್ಲೂಕುಗಳಾದ ಈ ಎರಡೂ ಊರುಗಳ ಹುಡುಗರಿಗೆ ಗೋಳಗುಮ್ಮಟ ದಿನಾ ಬಸ್ಸಿನ ಕಿಟಕಿಯಿಂದ ಕಾಣುವ ಕಟ್ಟಡ ಅಷ್ಟೇ. ದೂರದೂರಿನ ಹುಡುಗನೊಬ್ಬ ಬಂದು ‘ನಿಮ್ಮೂರಲ್ಲಿ ಏನಿದೆ?’ ಎಂದು ಕೇಳಿದಾಗ ನಾವೂ ಹೊಸದಾಗಿ ನೋಡತೊಡಗುತ್ತೇವೆ.

ಗುಂಪು ಗುಂಪಾಗಿ ಬರುವ ಯುವಕರು ಗಲಾಟೆ ಮಾಡುತ್ತಾರೆ, ಗೋಡೆಗಳ ಮೇಲೆ ಹೆಸರು ಕೆತ್ತುತ್ತಾರೆ ಎಂಬ ಆಕ್ಷೇಪ ಇದೆ. ಆ ಹೆಸರುಗಳು ಈಗಲೂ ಇವೆ, ಹಾಸ್ಟೆಲ್ ಇಲ್ಲದೆಯೇ ಬಂದವು. ಹೆಸರು, ವಿಳಾಸ ಬರೆದುಕೊಟ್ಟು, ವಾರ್ಡನ್ ಕಣ್ಣೆದುರು ಎರಡು ದಿನ ಇರುವವನಿಗೆ ಹೇಳಿ ತಿದ್ದುವುದು ಸುಲಭ.

ಹೊಸ ಕಟ್ಟಡಕ್ಕೆ ವರ್ಷಗಟ್ಟಲೆ ಕಾಯಬೇಕಿಲ್ಲ. ಶಿರ್ಮನ್ ಮಾಸ್ತರರ ಮೊದಲ ಯೋಚನೆಯೇ ನಮಗೂ ಸಾಕು. ರಜೆಯಲ್ಲಿ ವಿಜಯಪುರದ ಎಷ್ಟೋ ಕಾಲೇಜು ಹಾಸ್ಟೆಲ್‌ಗಳ ಮಂಚಗಳು ಖಾಲಿ ಇರುತ್ತವೆ. ದಸರಾ ರಜೆಯಲ್ಲಿ ಒಂದು ಹುಡುಗರ, ಒಂದು ಹುಡುಗಿಯರ ಹಾಸ್ಟೆಲ್‌ನಲ್ಲಿ ತಲಾ ಇಪ್ಪತ್ತು ಮಂಚ ಶಾಲಾ–ಕಾಲೇಜು ಪ್ರವಾಸಿಗರಿಗೆಂದು ಮೀಸಲಿಡಲಿ. ಜಿಲ್ಲಾಡಳಿತ, ಪ್ರವಾಸೋದ್ಯಮ ಇಲಾಖೆ, ಕಾಲೇಜುಗಳು ಕೂತು ಮಾತಾಡಿದರೆ ಆಗುವ ಕೆಲಸ ಇದು. ಬಂದವರನ್ನು ಬೆಳಿಗ್ಗೆ ಆರಕ್ಕೆ ಗುಮ್ಮಟಕ್ಕೆ, ಮರುದಿನ ಮಮದಾಪುರದ ಕೆರೆಗೆ ಕರೆದೊಯ್ಯಲು ನಮ್ಮಂಥ ವಿದ್ಯಾರ್ಥಿಗಳಿದ್ದೇವೆ.