ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಕಲಿಕೆ

ವರ್ಗಾವಣೆಯಾಗಿ ವಿಶಾಖಪಟ್ಟಣ, ವಿಜಯವಾಡಗಳಿಗೆ ಬರುವ ಕನ್ನಡ ಕುಟುಂಬಗಳ ಮಕ್ಕಳಿಗೆ ನಡುವೆ ತಪ್ಪಿದ ಪಾಠದ್ದೇ ಚಿಂತೆ. ಇದಕ್ಕೊಂದು ಉತ್ತರ ಆಂಧ್ರದಲ್ಲೇ ಹುಟ್ಟಿದೆ. ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡುಬಂದ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ಶಿಕ್ಷಕರು 1995ರಲ್ಲಿ ‘ನಲಿ-ಕಲಿ’ ಆರಂಭಿಸಿದರು. 2009-10ರಲ್ಲಿ ಅದು ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳ 1 ಮತ್ತು 2ನೇ ತರಗತಿಗಳಿಗೆಲ್ಲ ವಿಸ್ತರಿಸಿತು.

ಸಾಲು ಬೆಂಚಿನ ಶಾಲೆಯಿಂದ ಇಲ್ಲಿಗೆ ಸೇರಿದ ಮಗು ಗುಂಪಿನಲ್ಲಿ ಕೂರುತ್ತದೆ. ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ಗುರುತಿಸಿ, ಅದರ ಚಿತ್ರಕ್ಕೆ ಹೊಂದುವ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ. ತಿಂಗಳು ಊರಿಗೆ ಹೋಗಿ ಬಂದರೂ ಬಿಟ್ಟ ಮೆಟ್ಟಿಲಿನಿಂದಲೇ ಕಲಿಕೆ ಮುಂದುವರಿಯುತ್ತದೆ. ರ‍್ಯಾಂಕಿನ ಮಾತಿಲ್ಲ, ಹಿಂದುಳಿದವನೆಂಬ ಹಣೆಪಟ್ಟಿಯೂ ಇಲ್ಲ.

ಹೊರನಾಡಿನಲ್ಲಿ ಕನ್ನಡ ಕಲಿಸಬಯಸುವ ಸಂಘಗಳು ಗಮನಿಸಬೇಕಾದ ಕ್ರಮವಿದು. ಮಕ್ಕಳ ವಯಸ್ಸು ಬೇರೆ, ಸೇರಿದ ದಿನ ಬೇರೆಯಾದರೂ ಏಣಿ ಒಂದೇ ಸಾಕು.