ಆಲೆಮನೆಯೊಳಗೆ ಸ್ಕ್ಯಾನಿಂಗ್ ಯಂತ್ರ

2023ನೆಯ ಇಸವಿಯಲ್ಲಿ ಮಂಡ್ಯ ಜಿಲ್ಲೆಯಿಂದ ಎರಡು ಸುದ್ದಿಗಳು ಬಂದವು. ಫೆಬ್ರವರಿಯಲ್ಲಿ ಮದುವೆಗೆ ಹೆಣ್ಣು ದೊರೆಯದ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಅವರಲ್ಲಿ ಬಹುಮಂದಿ ಬೇಸಾಯಗಾರರು. ಅದೇ ವರ್ಷದ ಕೊನೆಯಲ್ಲಿ, ಅದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವನ್ನಿಟ್ಟು ಗರ್ಭದ ಕೂಸು ಗಂಡೋ ಹೆಣ್ಣೋ ಎಂದು ತಿಳಿಸುತ್ತಿದ್ದ ಜಾಲವನ್ನು ಬೆಂಗಳೂರಿನ ಪೊಲೀಸರು ಪತ್ತೆಹಚ್ಚಿದರು. ಹೆಣ್ಣೆಂದು ತಿಳಿದೊಡನೆ ಗರ್ಭವನ್ನು ತೆಗೆಸಲಾಗುತ್ತಿತ್ತೆಂದೂ ಹೇಳಿದರು. ಮೊದಲ ಸುದ್ದಿಗೆ ಜನ ನಕ್ಕರು, ಎರಡನೆಯದಕ್ಕೆ ಬೆಚ್ಚಿದರು. ಎರಡನ್ನೂ ಜೊತೆಯಲ್ಲಿಟ್ಟು ಓದಿದವರು ವಿರಳ. ಕೃಷಿಕನಿಗೆ ಹೆಣ್ಣು ಕೊಡಲೊಲ್ಲದ ಇಂದಿನ ಮನೋಭಾವವೂ ಆ ಯುವಕರ ಕಷ್ಟಕ್ಕೆ ಕಾರಣವೆಂಬುದು ನಿಜ. ಆದರೆ ಅದೊಂದೇ ಕಾರಣವೆಂದು ನಾವು ಒಪ್ಪಲಾರೆವು.

ಬೆಲ್ಲ ಕಾಯಿಸುವ ಮನೆಯಲ್ಲಿ ಇಂಥ ಕೆಲಸ! ಸಿಹಿಯ ತಾಣಕ್ಕೆ ಇದಕ್ಕಿಂತ ದೊಡ್ಡ ಅಪಚಾರವುಂಟೆ?

ಯಂತ್ರವನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಲೋಹದೊಳಗಿನ ಬಿರುಕನ್ನು ಕಾಣಲು ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ಶಬ್ದತರಂಗಗಳ ವಿದ್ಯೆಯನ್ನು ಗ್ಲಾಸ್ಗೋ ನಗರದ ವೈದ್ಯ ಇಯಾನ್ ಡೊನಾಲ್ಡ್ ಅವರು ಬಸಿರಿನ ಪರೀಕ್ಷೆಗೆ ಅಳವಡಿಸಿ 1958ರಲ್ಲಿ ಪ್ರಕಟಿಸಿದರು. ಮನುಷ್ಯನ ಕಿವಿಗೆ ಕೇಳದ ಆ ತರಂಗಗಳು ಒಳಹೋಗಿ, ತಗುಲಿದ್ದರಿಂದ ಮರಳಿ, ಚಿತ್ರವಾಗುತ್ತವೆ. ಕೂಸಿನ ಎದೆಬಡಿತ, ಬೆಳವಣಿಗೆ, ಅವಳಿಯೇ ಎಂಬುದು, ಮಾಸು ಎಲ್ಲಿ ಅಂಟಿಕೊಂಡಿದೆಯೆಂಬುದು ಮೊದಲೇ ತಿಳಿಯುವುದರಿಂದ ಎಷ್ಟೋ ತಾಯಂದಿರ ಜೀವ ಉಳಿದಿದೆ. ಇಂದು ಆ ಯಂತ್ರ ಕೈಯಲ್ಲಿ ಹಿಡಿದು ಒಯ್ಯುವಷ್ಟು ಚಿಕ್ಕದಾಗಿದೆ. ತಾಯಿಯ ರಕ್ತದಲ್ಲಿ ಬೆರೆತಿರುವ ಕೂಸಿನ ಅಂಶವನ್ನು ಪರೀಕ್ಷಿಸಿ ಹತ್ತನೆಯ ವಾರದ ಹೊತ್ತಿಗೇ ಬಹಳಷ್ಟನ್ನು ತಿಳಿಯಬಹುದು. ಗುಟ್ಟನ್ನು ಬಿಡಿಸುವ ಸಾಧನ ಸಣ್ಣದಾದಷ್ಟೂ ಕಾನೂನಿನ ಕಣ್ಣು ತಪ್ಪಿಸುವುದು ಸುಲಭವಾಗುತ್ತದೆ.

ಕಾನೂನೇನೋ ಇದೆ. 1994ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ 1996ರ ಜನವರಿ 1ರಂದು ಜಾರಿಗೆ ಬಂದು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಲಿಂಗವನ್ನು ತಿಳಿಸುವವರಿಗಷ್ಟೇ ಅಲ್ಲ, ತಿಳಿಯಬಯಸುವವರಿಗೂ ಸೆರೆವಾಸವುಂಟು. ಅದರಲ್ಲಿ ಒಂದು ವಿವೇಕದ ಮಾತಿದೆ: ಗರ್ಭಿಣಿಯನ್ನು ಪತಿಯೋ ಬಂಧುಗಳೋ ಒತ್ತಾಯಿಸಿದರೆಂದೇ ನ್ಯಾಯಾಲಯ ಮೊದಲು ಭಾವಿಸಬೇಕು. ಕಾಯಿದೆ ಬರೆದವರು ನಮ್ಮ ಮನೆಗಳನ್ನು ಬಲ್ಲವರೇ ಇರಬೇಕು.

ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ ಕರ್ನಾಟಕದಲ್ಲಿ 1991ರಲ್ಲಿ 960 ಹೆಣ್ಣುಮಕ್ಕಳಿದ್ದರು, 2011ರಲ್ಲಿ 948. ಹರಿಯಾಣದಲ್ಲಿ ಆ ವರ್ಷ 834. ಪ್ರಕೃತಿಯೇ 100 ಹೆಣ್ಣಿಗೆ ಸುಮಾರು 105 ಗಂಡುಗಳನ್ನು ಹುಟ್ಟಿಸುವುದರಿಂದ ನಮ್ಮ ನಾಡಿನ ಸರಾಸರಿ ಭಯಾನಕವಾಗಿ ಕಾಣುವುದಿಲ್ಲ. ಸರಾಸರಿಯ ಮರೆಯಲ್ಲಿ ಆಲೆಮನೆ ಅಡಗಿತ್ತೆಂಬುದನ್ನು ಮಾತ್ರ ಮರೆಯಬಾರದು.

ಎರಡು ಹೆಣ್ಣು ಹೆತ್ತ ಸೊಸೆಯನ್ನು ಹಂಗಿಸುವ ಮಾತನ್ನು ನಾವು ಹಲವು ಮನೆಗಳಲ್ಲಿ ಕೇಳಿದ್ದೇವೆ, ವಿದ್ಯಾವಂತರ ಮನೆಗಳಲ್ಲಿಯೂ. ತಾಯಿಯಿಂದ ಬರುವುದು ಯಾವಾಗಲೂ ಎಕ್ಸ್ ವರ್ಣತಂತು; ಎಕ್ಸೋ ವೈಯೋ ಎಂಬುದು ತಂದೆಯ ಕಡೆಯಿಂದ ಬರುವಂಥದ್ದು. ಹಂಗಿಸಲೇಬೇಕಾದರೆ ಅತ್ತೆಯವರು ತಮ್ಮ ಮಗನನ್ನು ಹಂಗಿಸಬೇಕಾಗುತ್ತದೆ!

ನಮ್ಮ ಸಂಪ್ರದಾಯದಲ್ಲಿ ಎಂಟನೆಯ ತಿಂಗಳಲ್ಲಿ ಗರ್ಭಕ್ಕೇ ಲಿಂಗಧಾರಣೆಯಾಗುತ್ತದೆ. ಒಳಗಿರುವುದು ಗಂಡೋ ಹೆಣ್ಣೋ ಎಂದು ಗುರುವು ಕೇಳುವುದಿಲ್ಲ. ಕೇಳಿ ಕಟ್ಟುವ ಲಿಂಗವೂ ಬೇರೆಯಿಲ್ಲ. ಚಿತೆಗೆ ಕೊಳ್ಳಿಯಿಡಲು ಮಗ ಬೇಕೆನ್ನುವವರಿದ್ದಾರೆ. ನಮ್ಮದು ಸಮಾಧಿ ಸಂಸ್ಕಾರ. ಪಿಂಡವಿಡಲು ಮಗ ಬೇಕೆನ್ನುವವರಿದ್ದಾರೆ. ಶರಣರು ಆ ಕಟ್ಟಳೆಯನ್ನು ಒಪ್ಪಿದವರಲ್ಲ. ಆಸ್ತಿಯ ಮಾತೆತ್ತಿದರೆ, ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಪಾಲೆಂದು 2005ರ ತಿದ್ದುಪಡಿ ಹೇಳಿದೆ. ಹೀಗಿರುವಾಗ ನಮ್ಮ ಮನೆಗಳಲ್ಲಿ ಗಂಡೇ ಬೇಕೆಂಬ ಹಂಬಲಕ್ಕೆ ಧರ್ಮದ ಆಸರೆಯಿಲ್ಲ, ಕಾನೂನಿನ ಆಸರೆಯೂ ಇಲ್ಲ. ಉಳಿಯುವುದು ವರದಕ್ಷಿಣೆಯ ಲೆಕ್ಕವೊಂದೇ. ಕೊಡಬೇಕಾದೀತೆಂದು ಮಗಳಿಗೆ ಅಂಜುವ ಮನೆಯೇ ಮಗನ ಮದುವೆಗೆ ಎಷ್ಟು ತೊಲ ಬಂಗಾರವೆಂದು ಕೇಳುತ್ತಿದೆ.