ಬ್ಯಾಟರಿ ಬದಲಾಯಿಸಿದರೂ ಅಂಬಾಸಿಡರ್ ಏಳಲಿಲ್ಲ!

ಶಿವಮೊಗ್ಗ: ಬೆಳಿಗ್ಗೆ ಏಳೂವರೆ ಗಂಟೆ. ಗಾಂಧಿ ಬಜಾರಿನ ಪಕ್ಕದ ಓಣಿಯಲ್ಲಿ ದಿನಸಿ ವ್ಯಾಪಾರಿಯೊಬ್ಬರ ಹಳೇ ಅಂಬಾಸಿಡರ್ ಕಾರು 'ಟಕ್' ಎಂದು ಒಂದೇ ಒಂದು ಸದ್ದು ಮಾಡಿ ಸುಮ್ಮನಾಯಿತು. ಮತ್ತೆ ಕೀಲಿ ತಿರುಗಿಸಿದರೆ ಮತ್ತೊಂದು 'ಟಕ್', ಅಷ್ಟೇ. ಬಸ್ಸಿಗೆ ಕಾದು ನಿಂತಿದ್ದ ನಾಲ್ಕು ಜನ ಪುಣ್ಯಾತ್ಮರು ಕೈ ಹಚ್ಚಿ ನೂಕಿದರು. ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟೊಡನೆ ಗಾಡಿ ಕೆಮ್ಮಿಕೊಂಡು ಎದ್ದಿತು. ನೂಕಿದವರ ಬಸ್ಸು ಅಷ್ಟರಲ್ಲಿ ಹೊರಟುಹೋಗಿತ್ತು ಎನ್ನುವುದು ಬೇರೆ ಮಾತು.

'ಬ್ಯಾಟರಿ ಹೋಗಿದೆ' ಅಂತ ಓಣಿಯೆಲ್ಲ ತೀರ್ಪು ಕೊಟ್ಟಿತು. ವ್ಯಾಪಾರಿಗಳು ಹಳೇ ಬ್ಯಾಟರಿ ಕೊಟ್ಟು, ಮೇಲೆ ಐದು ಸಾವಿರ ಚಿಲ್ಲರೆ ಸುರಿದು ಹೊಸದು ತಂದರು. ಎರಡು ವಾರ ಸುಖ. ಮೂರನೇ ವಾರ ಮತ್ತೆ ಅದೇ 'ಟಕ್'. ಈ ಸಲ ಒಬ್ಬ ಮೆಕ್ಯಾನಿಕ್ ಸೆಲ್ಫ್ ಮೋಟಾರ್ ಬಿಚ್ಚಿಸಿ, ಕಾರ್ಬನ್ ಬ್ರಷ್ ಹಾಕಿಸಿ, ಬುಷ್ ಬದಲಾಯಿಸಿ ಬಿಲ್ಲು ಕೊಟ್ಟ. ನಾಲ್ಕು ದಿನಕ್ಕೆ ಮತ್ತೆ 'ಟಕ್'. ಮನೆಯಲ್ಲಿ ಮಗ, 'ಅಪ್ಪಾ, ಇದನ್ನ ಗುಜರಿಗೆ ಹಾಕೋಣ' ಅಂತ ಶುರುಮಾಡಿದ. ಗುಜರಿಯವನು ಬಂದು ಗಾಡಿ ಸುತ್ತ ಎರಡು ಪ್ರದಕ್ಷಿಣೆ ಹಾಕಿಕೊಂಡೂ ಹೋದ. ಮುಂದಿನ ತಿಂಗಳು ಎಫ್‌ಸಿ ಬೇರೆ ಬಾಕಿ. ಹದಿನೈದು ವರ್ಷ ದಾಟಿದ ಸ್ವಂತ ಕಾರಿಗೆ ಐದೈದು ವರ್ಷಕ್ಕೊಮ್ಮೆ ಆ ಪರೀಕ್ಷೆ ತಪ್ಪಿದ್ದಲ್ಲವಲ್ಲ. ತಂದೆಯ ಕಾಲದ ಗಾಡಿ. ಮಾರಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಕೈಯಲ್ಲಿ ದುಡ್ಡಿಲ್ಲ.

ಕೊನೆಗೆ ಯಾರೋ ಸಾಗರ ರಸ್ತೆ ಕಡೆಯ ಒಬ್ಬ ಮುದಿ ಮೇಸ್ತ್ರಿಯ ಹೆಸರು ಹೇಳಿದರು. ಎಪ್ಪತ್ತು ದಾಟಿದ ಆಸಾಮಿ. ಬಂದವನೇ ಸ್ಪ್ಯಾನರ್ ಮುಟ್ಟಲಿಲ್ಲ. 'ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೀರಿ ಮಾರಾಯ್ರೆ' ಎಂದ.

ಈ ಒಂದು ಪರೀಕ್ಷೆಗೆ ಕಾಸು ಬೇಡ, ಮೀಟರೂ ಬೇಡ. ಸೆಲ್ಫ್ ಹೊಡೆದಾಗ ದೀಪ ಸತ್ತಂತಾದರೆ ಬ್ಯಾಟರಿ ಖಾಲಿ, ಇಲ್ಲವೇ ಅದರ ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿದೆ, ಇಲ್ಲವೇ ಸೆಲ್ಫ್ ಸಿಕ್ಕಿಕೊಂಡಿದೆ. ದೀಪ ಹಾಗೇ ಝಗಝಗ ಉರಿಯುತ್ತಿದ್ದು ಇಂಜಿನ್ ಅಲ್ಲಾಡದಿದ್ದರೆ? ಬ್ಯಾಟರಿಯಲ್ಲಿ ಕರೆಂಟ್ ಇದೆ, ಸೆಲ್ಫಿಗೆ ಹೋಗಿ ವಾಪಸ್ ಬರುವ ದಾರಿ ಎಲ್ಲೋ ಕಡಿದಿದೆ. ಇಲ್ಲಿ ದೀಪ ಮಂಕಾಗಲೇ ಇಲ್ಲ. ಮೇಸ್ತ್ರಿ ಇನ್ನೂ ನಾಲ್ಕು ಸಲ ಹೊಡೆಸಿ, ಬಾನೆಟ್ ಒಳಗೆ ಕೈಯಿಟ್ಟು ಚೋಕ್ ಕೇಬಲ್ ಮುಟ್ಟಿ ನೋಡಿದ. ಕೈ ಸುಡುವಷ್ಟು ಬಿಸಿ!

'ನೋಡಿ, ಕಳ್ಳ ಇಲ್ಲಿದ್ದಾನೆ' ಎಂದ.

ವಿಷಯ ಇಷ್ಟೆ. ಇಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಅದಕ್ಕೇ ಇಂಜಿನ್ನಿಗೂ ಬಾಡಿಗೂ ನಡುವೆ ಹೆಣೆದ ತಾಮ್ರದ ಒಂದು ಅರ್ತಿಂಗ್ ಪಟ್ಟಿ ಕಟ್ಟಿರುತ್ತಾರೆ. ಎಣ್ಣೆ, ಕೆಸರು, ತುಕ್ಕು ತಿಂದು ಅದು ಹೋಗಿತ್ತು. ಸೆಲ್ಫಿಗೆ ಬೇಕಾದ ನೂರಾರು ಆಂಪಿಯರ್ ಕರೆಂಟು ಬೇರೆ ದಾರಿಯಿಲ್ಲದೆ ಬಡಪಾಯಿ ಚೋಕ್ ಕೇಬಲ್ಲಿನ ಮೂಲಕ ನುಸುಳಲು ನೋಡುತ್ತಿತ್ತು. ನೂಕಿದಾಗ ಗಾಡಿ ಏಳುತ್ತಿದ್ದುದೂ ಇದೇ ಕಾರಣಕ್ಕೆ: ಪ್ಲಗ್ಗಿನ ಕಿಡಿಗೆ ಬೇಕಾದ ಕರೆಂಟ್ ಬಹಳ ಕಡಿಮೆ, ಅಷ್ಟಕ್ಕೆ ಆ ದಾರಿ ಸಾಕು. ಮೇಸ್ತ್ರಿ ಜಂಪ್ ಕೇಬಲ್ ತೆಗೆದು ಒಂದು ತುದಿ ಬ್ಯಾಟರಿಯ ಅರ್ತಿಂಗ್ ಕಡೆಗೆ, ಇನ್ನೊಂದು ತುದಿ ನೇರ ಇಂಜಿನ್ನಿಗೆ ಕಚ್ಚಿಸಿದ. ಸೆಲ್ಫ್ ಹೊಡೆದರೆ ಇಂಜಿನ್ ಗಿರ್ರನೆ ತಿರುಗಿತು. ಓಣಿಯ ತೀರ್ಪುಗಾರರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

ಕಿಡಿಯೋ? ಪೆಟ್ರೋಲೋ?

ಅಂಬಾಸಿಡರ್ ತಯಾರಿಕೆ ಕೊಲ್ಕತ್ತಾ ಬಳಿಯ ಉತ್ತರಪಾರಾದಲ್ಲಿ 2014ರಲ್ಲಿ ನಿಂತಿತು. ಪ್ರೀಮಿಯರ್ ಪದ್ಮಿನಿ ಅದಕ್ಕೂ ಎಷ್ಟೋ ಮುಂಚೆಯೇ ಹೋಯಿತು. ಆದರೂ ಮದುವೆ ಮನೆಯ ಬಾಡಿಗೆಗೆ, ಹಿರಿಯರ ನೆನಪಿಗೆ, ಬರೀ ಹಠಕ್ಕೆ ಅಂತ ಜಿಲ್ಲೆಯಲ್ಲಿ ಅಲ್ಲೊಂದು ಇಲ್ಲೊಂದು ಓಡುತ್ತಿವೆ. ಈಗಿನ ಕಾರಿಗೆ ಕಂಪ್ಯೂಟರ್ ಹಚ್ಚಿ ರೋಗ ಓದುವ ಹುಡುಗರಿಗೆ ಇವುಗಳ ನಾಡಿ ಸಿಗುವುದಿಲ್ಲ. ಸಿಗದಿದ್ದಾಗ ಮಾಡುವುದು ಒಂದೇ: ಒಂದಾದ ಮೇಲೊಂದು ಸಾಮಾನು ಬದಲಾಯಿಸುವುದು. ದುಡ್ಡು ಯಾರದು? ಗಿರಾಕಿಯದು.

ಇಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ ಅನ್ನುವಾಗ ಮೇಸ್ತ್ರಿಗಳು ಮೊದಲು ನೋಡುವುದು ಕಿಡಿ. ಕಾಯಿಲ್‌ನಿಂದ ಬರುವ ವೈರನ್ನು ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ಇಂಜಿನ್ ಕಬ್ಬಿಣದಿಂದ ಕಾಲು ಇಂಚು ದೂರ ಇಟ್ಟು ಸೆಲ್ಫ್ ಹೊಡೆಸುತ್ತಾರೆ. ಸುತ್ತ ಪೆಟ್ರೋಲ್ ಸೋರಿರಬಾರದು, ಜೋಕೆ. ಚಟಚಟ ಎಂದು ನೀಲಿ ಕಿಡಿ ಹಾರಿದರೆ ಕಾಯಿಲ್ ತನಕ ಕ್ಷೇಮ. ಹಳದಿಯಾಗಿ ಸಣಕಲಾಗಿದ್ದರೆ ಪಾಯಿಂಟ್ ಸುಟ್ಟಿರಬಹುದು, ಕಂಡೆನ್ಸರ್ ಕೈಕೊಟ್ಟಿರಬಹುದು. ಪಾಯಿಂಟ್ ಮತ್ತೆ ಮತ್ತೆ ಸುಟ್ಟು ಕರಕಲಾಗುತ್ತಿದ್ದರೆ ಅನುಮಾನ ಕಂಡೆನ್ಸರ್ ಮೇಲೇ. ಅಂಬಾಸಿಡರ್ ಪೆಟ್ರೋಲ್ ಇಂಜಿನ್ನಿನ ಪಾಯಿಂಟ್ ಗ್ಯಾಪ್ ಹದಿನೈದು ಥೌ. 'ಈಗ ಬರೋ ಡೂಪ್ಲಿಕೇಟ್ ಕಂಡೆನ್ಸರ್ ಡಬ್ಬಿಯಿಂದ ತೆಗೆದಾಗಲೇ ಸತ್ತಿರುತ್ತೆ ಸಾರ್, ಹಳೇದನ್ನ ಬಿಸಾಕಬೇಡಿ' ಎಂಬುದು ಮೇಸ್ತ್ರಿಯ ಗೊಣಗಾಟ.

ತೀರ್ಥಹಳ್ಳಿ ಕಡೆಯ ಮಳೆಗಾಲದಲ್ಲಿ ಕಿಡಿ ಕಾಣೆಯಾಗುವುದಕ್ಕೆ ಹೆಚ್ಚಿನ ವಿದ್ಯೆ ಬೇಡ. ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಗೆ ತೇವ ಕಟ್ಟಿರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ ಹಾಕಿದರೆ ಮುಗಿಯಿತು.

ಬೇಸಿಗೆಯದು ಬೇರೆ ಕಥೆ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಗಾಡಿ ನಿಲ್ಲುತ್ತದೆ, ಅರ್ಧ ಗಂಟೆ ಬಿಟ್ಟರೆ ತಾನಾಗಿ ಏಳುತ್ತದೆ. ಇದು ಕಾಯಿಲ್ ಬಿಸಿಯಾಗಿ ಕೈಕೊಟ್ಟಿದ್ದೂ ಇರಬಹುದು, ಪೆಟ್ರೋಲ್ ಪೈಪಿನೊಳಗೇ ಕುದ್ದು ಆವಿಯಾಗಿ ಪಂಪಿಗೆ ಸಿಗದೆ ಇರುವುದೂ ಇರಬಹುದು. ಎರಡರ ಲಕ್ಷಣವೂ ಒಂದೇ. ಹಾಗಾಗಿ ಗಾಡಿ ನಿಂತ ಗಳಿಗೆಯಲ್ಲೇ ಕಿಡಿ ನೋಡಬೇಕು, ತಣಿದ ಮೇಲೆ ನೋಡಿದರೆ ಎರಡೂ ಸರಿಯಾಗೇ ಕಾಣುತ್ತವೆ. ಕಿಡಿ ಇದ್ದರೆ ಎ.ಸಿ. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುವ ಹಳೇ ಉಪಾಯ ಇಂದಿಗೂ ನಡೆಯುತ್ತದೆ. ಟ್ಯಾಂಕಿನ ಮುಚ್ಚಳವನ್ನೂ ಒಮ್ಮೆ ಬಿಚ್ಚಿ ನೋಡುವುದು ಒಳ್ಳೆಯದು. 'ಉಸ್' ಎಂದು ಗಾಳಿ ಒಳಗೆ ಎಳೆದುಕೊಂಡರೆ ಅದರ ಗಾಳಿತೂತು ಕಟ್ಟಿದೆ ಎಂದರ್ಥ. ಇಷ್ಟಕ್ಕೇ ಕಾರ್ಬುರೇಟರ್ ಪೂರಾ ಬಿಚ್ಚಿಸಿ ದುಡ್ಡು ಕೊಟ್ಟವರಿದ್ದಾರೆ, ಪಾಪ.

ಹೊಗೆಯ ಬಣ್ಣವೂ ಒಂದಿಷ್ಟು ಹೇಳುತ್ತದೆ. ಕಪ್ಪಾದರೆ ಪೆಟ್ರೋಲ್ ಜಾಸ್ತಿ, ನೀಲಿಯಾದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಆಯಿಲ್ ಮುಚ್ಚಳದ ಕೆಳಗೆ ಹಾಲು ಬೆರೆಸಿದ ಚಹಾದಂತೆ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಸೇರುತ್ತಿದೆ ಎಂದು ಅನುಮಾನಿಸಬೇಕು.

ಬೆಳ್ಳಿ ಕಾಗದದ ಫ್ಯೂಸ್

ನಿಜವಾಗಿ ಹೆದರಬೇಕಾದ್ದು ವೈರಿಂಗಿಗೆ. ಹಳೇ ಡೈನಮೋ ಕೊಡುವುದೇ ಸುಮಾರು 20 ಆಂಪಿಯರ್. ಅದೂ ಗಾಡಿ ಓಡುವಾಗ. ಐಡ್ಲಿಂಗಿನಲ್ಲಿ ದೀಪ ಮಂಕಾಗುವುದು ಅದರ ಹುಟ್ಟುಗುಣ. ಮದುವೆ ಬಾಡಿಗೆಯ ಮಹಾಶಯರು ಅದಕ್ಕೆ 100 ವ್ಯಾಟಿನ ಎರಡು ಬಲ್ಬು ಹಾಕಿಸುತ್ತಾರೆ. ಅವೆರಡೇ 16 ಆಂಪಿಯರ್ ನುಂಗುತ್ತವೆ. ಮೇಲೆ ಜೋಡಿ ಹಾರನ್, ಹಾಡಿನ ಪೆಟ್ಟಿಗೆ. ಫ್ಯೂಸ್ ಹೋಗುತ್ತದೆ. ಆಗ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ತುರುಕುತ್ತಾರೆ! ಹಾಗೆ ಮಾಡಿದ ಮೇಲೆ ಸುಡಬೇಕಾದ ಫ್ಯೂಸ್ ಸುಡುವುದಿಲ್ಲ, ವೈರ್ ಸುಡುತ್ತದೆ.

ಅದೇ ಬಾನೆಟ್ಟಿನ ಕೆಳಗೆ ಹಳೇ ರಬ್ಬರ್ ಪೈಪಿನಲ್ಲಿ ಪೆಟ್ರೋಲ್ ಇರುತ್ತದೆ. 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಎಥನಾಲ್ ಹಳೇ ಕಾಲದ ರಬ್ಬರನ್ನು ಮೆತ್ತಗೆ ಮಾಡಿ ಬಿರುಕು ಬಿಡಿಸುತ್ತದೆ, ನೀರನ್ನೂ ಹೀರುತ್ತದೆ. ಪೈಪನ್ನು ಎಥನಾಲ್ ತಡೆಯುವಂಥದ್ದಕ್ಕೆ ಬದಲಾಯಿಸುವುದು ದೊಡ್ಡ ಖರ್ಚಲ್ಲ. ಬಾನೆಟ್ ಎತ್ತಿದಾಗ ಪೆಟ್ರೋಲ್ ವಾಸನೆ ಹೊಡೆದರೆ ಸೆಲ್ಫ್ ಹೊಡೆಯುವ ಮುಂಚೆ ಪೈಪ್ ನೋಡಬೇಕು.

ಬ್ಯಾಟರಿಯ ಅನುಮಾನಕ್ಕೆ ನಾನೂರು ಐನೂರು ರೂಪಾಯಿಯ ಮೀಟರ್ ಸಾಕು. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ. ಇಂಜಿನ್ ರೇಸ್ ಕೊಟ್ಟಾಗ 14ರ ಆಸುಪಾಸು ಬರಬೇಕು. ಏರದೇ ಹೋದರೆ ಡೈನಮೋ ಬಿಚ್ಚುವ ಮುಂಚೆ ಫ್ಯಾನ್ ಬೆಲ್ಟ್ ಸಡಿಲವಾಗಿದೆಯೇ ಅಂತ ಬೆರಳಿಂದ ಒತ್ತಿ ನೋಡುವುದು ಕ್ರಮ. ದಿನಸಿ ವ್ಯಾಪಾರಿಗಳ ಗಾಡಿಗೆ ಇಷ್ಟನ್ನು ಯಾರೂ ನೋಡಿರಲಿಲ್ಲ.

ಮೇಸ್ತ್ರಿ ಬಾಡಿಯ ಕಬ್ಬಿಣವನ್ನು ಹೊಳೆಯುವ ತನಕ ಉಜ್ಜಿ, ಹೊಸ ಅರ್ತಿಂಗ್ ಪಟ್ಟಿ ಬಿಗಿದು, ಮೇಲೆ ಗ್ರೀಸ್ ಬಳಿದ. ಪಟ್ಟಿ, ಕೂಲಿ ಎಲ್ಲ ಸೇರಿ ಆರುನೂರು ರೂಪಾಯಿ. ಗಾಡಿ ಒಂದೇ ಹೊಡೆತಕ್ಕೆ ಎದ್ದಿತು. ವ್ಯಾಪಾರಿಗಳು ಲೆಕ್ಕ ಹಾಕುತ್ತಾ ನಿಂತಿದ್ದರು.

'ಹಂಗಾದ್ರೆ ಆ ಹೊಸ ಬ್ಯಾಟರಿ?'

'ಅದು ಚೆನ್ನಾಗೇ ಇದೆ ಸಾರ್' ಎಂದ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ. 'ನೀವು ಕೊಟ್ಟು ಬಂದ್ರಲ್ಲ ಹಳೇದು, ಅದೂ ಚೆನ್ನಾಗೇ ಇತ್ತು.'